ತಲೆಯ ಮೇಲೆ ಕೈಯಿಡುವ ಮೊದಲು

‘ಬ್ರದರ್, ನಮ್ಮನೇಗೂ ಬಂದು ಒಂದು ಪ್ರಾರ್ಥನೆ ಮಾಡಿ ಹೋಗಿ’ ಅಂತ ಜನ ನಿನ್ನನ್ನು ಕರೆಯತೊಡಗಿದ್ದಾರಂತೆ. ಹೊಸದುರ್ಗದ ಶುಕ್ರವಾರದ ಕೂಟದಲ್ಲಿ ರೋಗಿಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತೀಯಂತೆ. ಹಿರಿಯೂರು, ಹೊಳಲ್ಕೆರೆ ಕಡೆಯ ಹಳ್ಳಿಗಳಿಗೂ ಬೈಕಿನಲ್ಲಿ ಹೋಗಿ ಬರುತ್ತೀಯಂತೆ. ಎಲ್ಲ ನಿಮ್ಮಮ್ಮ ಹೇಳಿದಳು. ಅವಳಿಗೆ ಹೆಮ್ಮೆಯೂ ಇದೆ, ಅಳುಕೂ ಇದೆ. ‘ಅಕ್ಕಾ, ನೀನಾದರೂ ಅವನಿಗೆ ನಾಲ್ಕು ಮಾತು ಹೇಳು’ ಅಂದಳು. ನಿನ್ನ ದೊಡ್ಡಮ್ಮ ದೇವಶಾಸ್ತ್ರ ಓದಿದವಳಲ್ಲ ಕಣಪ್ಪ. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು, ಆಮೇಲೆ ಸರ್ಕಾರಿ ಕೆಲಸಕ್ಕೆ ಸೇರಿ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲ ಕಡೆ ರಾತ್ರಿ ಪಾಳಿ ಮಾಡಿದವಳು. ನೀನು ಅರ್ಧ ಗಂಟೆ ನೋಡಿ ಬರುವ ರೋಗಿಯನ್ನು ನಾನು ಬೆಳಗಿನ ತನಕ ನೋಡಿದ್ದೇನೆ. ಆ ಸಲುಗೆಯಿಂದ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ದೇವರು ವಾಸಿ ಮಾಡುತ್ತಾನೆ ಅಂತ ನಾನೂ ನಂಬುತ್ತೇನೆ. ‘ಇನ್ನು ನಮ್ಮ ಕೈಯಲ್ಲಿಲ್ಲ’ ಅಂತ ಡಾಕ್ಟರು ಹೇಳಿ ಕಳಿಸಿದವರು ಮುಂದಿನ ವರ್ಷ ಮಗಳ ಮದುವೆಯ ಕಾಗದ ಹಿಡಿದುಕೊಂಡು ವಾರ್ಡಿಗೆ ಬಂದದ್ದನ್ನು ಕಂಡಿದ್ದೇನೆ. ಯಾಕೆ ಹಾಗಾಯಿತು ಅಂತ ಯಾರಿಗೂ ಹೇಳಲಾಗಲಿಲ್ಲ. ಹಾಗಾಗಿ ಪ್ರಾರ್ಥನೆ ಮಾಡಬೇಡ ಅಂತ ನಾನು ಹೇಳುವುದಿಲ್ಲ, ಮಾಡು. ಆದರೆ ಪ್ರಾರ್ಥಿಸುವವನಿಗೆ ರೋಗಿಯ ಕಡೆಗೆ ಒಂದು ಋಣವಿದೆ. ವಾಸಿಯಾದವನ ಸಾಕ್ಷಿ ಹೇಳುವುದರಿಂದ ಆ ಋಣ ತೀರುವುದಿಲ್ಲ. ವಾಸಿಯಾಗದವನ ಜೊತೆ ನೀನು ಹೇಗೆ ನಡೆದುಕೊಳ್ಳುತ್ತೀ ಅನ್ನುವುದರಲ್ಲೇ ನಿನ್ನ ಪ್ರಾರ್ಥನೆಯ ನಿಜ ತಿಳಿಯುತ್ತದೆ. ಮುಂದೆ ಏನೇ ಹೇಳಿದರೂ ಅದು ಇದೊಂದೇ ಮಾತಿನ ವಿಸ್ತಾರ.

ನೀವೆಲ್ಲ ಆಧಾರವಾಗಿ ಹಿಡಿಯುವುದು ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯವನ್ನಲ್ಲವೇ? ಅದನ್ನು ನಿಧಾನವಾಗಿ ಓದು. ಕಾಯಿಲೆಯವನೇ ಸಭೆಯ ಹಿರಿಯರನ್ನು ಕರೆಸಬೇಕು ಅನ್ನುತ್ತದೆ ಅದು. ಕರೆಯದವರ ಮನೆಗೆ ನುಗ್ಗಲು ಅಲ್ಲಿ ಅಪ್ಪಣೆಯಿಲ್ಲ. ಬರಬೇಕಾದವರು ಹಿರಿಯರು, ಅಂದರೆ ಒಬ್ಬರಿಗಿಂತ ಹೆಚ್ಚು ಜನ. ಒಬ್ಬನೇ ವರದಾನಿಯಾಗಿ ಮೆರೆಯುವುದಕ್ಕೂ ಅಲ್ಲಿ ಜಾಗವಿಲ್ಲ. ಎಣ್ಣೆ ಹಚ್ಚುವ ಮಾತೂ ಅಲ್ಲಿದೆ. ಆ ಕಾಲದಲ್ಲಿ ಎಣ್ಣೆ ಮದ್ದೂ ಆಗಿತ್ತು. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನ ಗಾಯಕ್ಕೆ ಸಮಾರ್ಯದವನು ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದನಲ್ಲ, ಅದೇ ಎಣ್ಣೆ. ಪ್ರಾರ್ಥನೆ ಮುಗಿಸಿ ಅವನು ಅಲ್ಲಿಂದ ಹೊರಟುಹೋಗಲಿಲ್ಲ. ಗಾಯಾಳುವನ್ನು ತನ್ನ ಕತ್ತೆಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆದೊಯ್ದ, ಖರ್ಚಿಗೂ ದುಡ್ಡು ಕೊಟ್ಟ.

ನಮ್ಮ ನಾಡಿನ ಕ್ರೈಸ್ತರೂ ಇದೇ ದಾರಿಯಲ್ಲಿ ನಡೆದವರು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಔಷಧಿ ಕೊಡಲು ತೊಡಗಿ, ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿದರು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರದ್ದು. ಹಳೇ ಮೈಸೂರು ಸೀಮೆಯಲ್ಲಿ, ನಮ್ಮ ಚಿತ್ರದುರ್ಗವೂ ಸೇರಿದಂತೆ, ಸುವಾರ್ತೆ ಸಾರುತ್ತಿದ್ದ ವೆಸ್ಲಿಯನ್ ಮಿಷನ್ನವರು 1906ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದರು. ಗಂಡಸು ಡಾಕ್ಟರ ಮುಂದೆ ಬರಲೊಲ್ಲದ ಹೆಣ್ಣುಮಕ್ಕಳು ಹೆರಿಗೆಯಲ್ಲಿ ಸಾಯುತ್ತಿದ್ದ ಕಾಲ ಅದು. ಹಾಸನದ ರೆಡ್‌ಫರ್ನ್ ಆಸ್ಪತ್ರೆ, ಗದಗ-ಬೆಟಗೇರಿಯ ಬಾಸೆಲ್ ಮಿಷನ್ ಆಸ್ಪತ್ರೆ, ಕೋಲಾರದ ಮೆಥಡಿಸ್ಟ್ ಆಸ್ಪತ್ರೆ ಇವೆಲ್ಲದರ ಹಿಂದೆ ಪ್ರಾರ್ಥಿಸುವ ಜನರೇ ಇದ್ದರು. ನಾನು ಕಲಿತ ಕಡೆ ಬೆಳಗ್ಗೆ ಮೊದಲು ಪ್ರಾರ್ಥನೆ, ಅದು ಮುಗಿದ ಕೂಡಲೇ ಜ್ವರದ ಚಾರ್ಟು, ಡ್ರೆಸ್ಸಿಂಗು, ಇಂಜೆಕ್ಷನ್ನು. ಪ್ರಾರ್ಥನೆ ದೇವರ ಕೆಲಸ, ಇಂಜೆಕ್ಷನ್ ಮನುಷ್ಯರ ಕೆಲಸ ಅಂತ ನಮಗೆ ಯಾರೂ ಬೇರೆ ಮಾಡಿ ಹೇಳಿಕೊಡಲಿಲ್ಲ.

ಈಗ ಔಷಧಿಯ ವಿಷಯಕ್ಕೆ ಬರುತ್ತೇನೆ. ಇದೊಂದರಲ್ಲಿ ನನಗೆ ರಾಜಿಯಿಲ್ಲ.

ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಪಡಸಾಲೆಯಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದ ಒಬ್ಬ ಹೆಣ್ಣುಮಗಳನ್ನು ಹುಡುಕಿಕೊಂಡು ಹೋಗಿದ್ದೆ. ಟಿ.ಬಿ. ಮಾತ್ರೆ ತೆಗೆದುಕೊಳ್ಳಲು ಬರುವುದನ್ನು ನಿಲ್ಲಿಸಿದ್ದಳು. ಗೋಡೆಯ ಗೂಡಿನಲ್ಲಿ ಮಾತ್ರೆಯ ಹಾಳೆ ಇತ್ತು. ಅರ್ಧದಷ್ಟು ಗುಳಿಗಳು ಒಡೆದಿದ್ದವು, ಉಳಿದರ್ಧ ಹಾಗೇ ಇದ್ದವು. ಪಕ್ಕದಲ್ಲೇ ಪ್ರಾರ್ಥನೆಯ ಎಣ್ಣೆಯ ಪುಟ್ಟ ಸೀಸೆ. ‘ಸಿಸ್ಟರ್, ಮಾತ್ರೆ ನುಂಗಿದ್ರೆ ಉಚ್ಚೆ ಕೆಂಪಗೆ ಹೋಗ್ತಿತ್ತು, ರಕ್ತವೇನೋ ಅಂತ ಹೆದರಿಕೊಂಡೆ. ಅಷ್ಟರಲ್ಲಿ ಪ್ರಾರ್ಥನೆಯೋರು ಬಂದು ರೋಗ ಹೋಯ್ತು, ಇನ್ನು ಮಾತ್ರೆ ಬೇಡ ಅಂದ್ರು. ಕೆಮ್ಮೂ ನಿಂತಿತ್ತಲ್ಲ’ ಅಂದಳು. ಉಚ್ಚೆ ಕೆಂಪಾಗುವುದು ರಿಫಾಂಪಿಸಿನ್ ಎಂಬ ಮಾತ್ರೆಯ ಬಣ್ಣದಿಂದ, ಹೆದರಬೇಕಾದ್ದಲ್ಲ. ಕೆಮ್ಮು ನಿಂತದ್ದು ಮೊದಲ ವಾರಗಳ ಮಾತ್ರೆಯಿಂದ. ಕೆಮ್ಮು ನಿಂತರೂ ಕ್ರಿಮಿ ಎದೆಯೊಳಗೇ ಇರುತ್ತದೆ. ಅದಕ್ಕೇ ಮೊದಲ ಎರಡು ತಿಂಗಳು ನಾಲ್ಕು ಬಗೆಯ ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು ಬಗೆ, ಒಟ್ಟು ಆರು ತಿಂಗಳು ಬಿಡದೆ ನುಂಗಬೇಕು. ನಡುವೆ ನಿಲ್ಲಿಸಿದರೆ ಉಳಿದ ಕ್ರಿಮಿ ಔಷಧಿಗೆ ಬಗ್ಗದಂತಾಗುತ್ತದೆ. ಅವಳಿಗೆ ಆದದ್ದೂ ಅದೇ. ಎರಡನೆಯ ಸಲದ ಚಿಕಿತ್ಸೆ ವರ್ಷ ದಾಟಿತು. ಅಷ್ಟರಲ್ಲಿ ಮನೆಯ ಮಗುವಿಗೂ ಕೆಮ್ಮು ಅಂಟಿತ್ತು.

‘ರೋಗ ಹೋಯ್ತು’ ಅಂದವರು ಅವಳಿಗೆ ಕೇಡು ಬಯಸಿದವರಲ್ಲ. ನಿನ್ನ ಹಾಗೆಯೇ ಕನಿಕರದಿಂದ ಬಂದವರು. ಕನಿಕರವೊಂದೇ ಇದ್ದು ತಿಳಿವಳಿಕೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇದನ್ನು ಹೇಳಿದೆ. ಸಕ್ಕರೆ ಕಾಯಿಲೆಯ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಮೂರ್ಛೆರೋಗದ ಮಾತ್ರೆ ತಟ್ಟನೆ ಬಿಟ್ಟರೆ ಫಿಟ್ಸು ಒಂದರ ಹಿಂದೊಂದು ಬಂದು ನಿಲ್ಲದೇ ಹೋಗಬಹುದು. ಎಚ್.ಐ.ವಿ. ಇರುವವರು ಎ.ಆರ್.ಟಿ. ಮಾತ್ರೆ ಬಿಟ್ಟರೆ ಒಂದಷ್ಟು ಕಾಲ ಚೆನ್ನಾಗಿಯೇ ಇರುತ್ತಾರೆ, ಆ ಚೆನ್ನಾಗಿರುವುದೇ ಮೋಸ. ಉಪವಾಸ ಪ್ರಾರ್ಥನೆಗೆ ಬಸುರಿಯನ್ನೋ ಸಕ್ಕರೆ ಕಾಯಿಲೆಯವರನ್ನೋ ಕೂರಿಸಬೇಡ. ಹಾವು ಕಚ್ಚಿದವರ ಮನೆಯಿಂದ ನಿನಗೆ ಫೋನ್ ಬಂದರೆ ಮೊದಲು 108ಕ್ಕೆ ಫೋನ್ ಮಾಡು. ಆಸ್ಪತ್ರೆಯ ದಾರಿಯುದ್ದಕ್ಕೂ ಪ್ರಾರ್ಥನೆ ಮಾಡಬಹುದು, ದೇವರೇನೂ ಬೇಡ ಅನ್ನುವುದಿಲ್ಲ.

‘ಔಷಧಿ ನುಂಗುವುದು ಅಪನಂಬಿಕೆ’ ಅಂತ ನಿಮ್ಮ ಕೂಟದಲ್ಲಿ ಯಾರಾದರೂ ಹೇಳಿದರೆ ಬೈಬಲನ್ನೇ ತೆಗೆದು ತೋರಿಸು. ಸುವಾರ್ತೆ ಬರೆದ ಲೂಕ ವೈದ್ಯ, ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲ ಅವನನ್ನು ಪ್ರಿಯ ವೈದ್ಯ ಅಂತಲೇ ಕರೆಯುತ್ತಾನೆ. ಅರಸ ಹಿಜ್ಕೀಯ ಸಾವಿನ ಹಾಸಿಗೆಯಲ್ಲಿ ಅತ್ತು ಪ್ರಾರ್ಥಿಸಿದ, ದೇವರು ಕೇಳಿದ. ಆದರೂ ಪ್ರವಾದಿ ಯೆಶಾಯ ಅಂಜೂರದ ಪಟ್ಟು ಮಾಡಿಸಿ ಹುಣ್ಣಿನ ಮೇಲೆ ಹಾಕಿಸಿದ. ತಿಮೊಥೆಗೆ ಪದೇ ಪದೇ ಹೊಟ್ಟೆನೋವು, ಪೌಲ ಅವನಿಗೆ ಕರವಸ್ತ್ರ ಮಂತ್ರಿಸಿ ಕಳಿಸಲಿಲ್ಲ, ಕುಡಿಯಬೇಕಾದ್ದೇನು ಅಂತ ಬರೆದು ಕಳಿಸಿದ. ಅರಸ ಆಸ ವೈದ್ಯರ ಬಳಿ ಹೋಗಿ ಸತ್ತನಲ್ಲ ಅಂತ ಯಾರಾದರೂ ವಾದಿಸಿಯಾರು. ಅಲ್ಲಿನ ದೂರು ಅವನು ದೇವರನ್ನು ಮರೆತದ್ದಕ್ಕೆ, ವೈದ್ಯರನ್ನು ಕಂಡದ್ದಕ್ಕಲ್ಲ.

ಇನ್ನೊಂದು ಮಾತು ನಿನ್ನ ಬಾಯಲ್ಲಿ ಎಂದೂ ಬರಕೂಡದು: ‘ನಿಮಗೆ ನಂಬಿಕೆ ಸಾಲದು, ಅದಕ್ಕೇ ವಾಸಿಯಾಗಲಿಲ್ಲ.’ ಮೊದಲೇ ನೋವಿನಲ್ಲಿರುವವರ ಮೇಲೆ ಅಪರಾಧವನ್ನೂ ಹೇರುವ ಮಾತು ಅದು. ಕ್ಯಾನ್ಸರಿನ ಕೊನೆಯ ಹಂತದಲ್ಲಿದ್ದ ಒಬ್ಬ ತಾಯಿ ರಾತ್ರಿ ಎರಡು ಗಂಟೆಗೆ ನನ್ನ ಕೈ ಹಿಡಿದು, ‘ನಾನು ಯಾವ ಪಾಪ ಮಾಡಿದ್ದೂ ನೆನಪಿಗೆ ಬರ್ತಿಲ್ಲ ಸಿಸ್ಟರ್, ನೆನಪಾದರೆ ಅರಿಕೆ ಮಾಡಿಕೊಳ್ತಿದ್ದೆ’ ಅಂದಳು. ನೋವಿಗೆ ಇಂಜೆಕ್ಷನ್ ಇತ್ತು. ಈ ಸಂಕಟಕ್ಕೆ ಏನು ಕೊಡಲಿ? ಯಾರೋ ಅವಳ ತಲೆಯ ಮೇಲೆ ಕೈಯಿಟ್ಟು ಆ ಪ್ರಶ್ನೆಯನ್ನು ಒಳಗೆ ಬಿಟ್ಟು ಹೋಗಿದ್ದರು. ಹುಟ್ಟು ಕುರುಡನನ್ನು ಕಂಡು ಶಿಷ್ಯರೂ ಇದನ್ನೇ ಕೇಳಿದರು: ಪಾಪ ಇವನದೋ, ಇವನ ಹೆತ್ತವರದೋ? ಎರಡೂ ಅಲ್ಲ ಅಂದ ಯೇಸು. ಯೋಹಾನನ ಒಂಬತ್ತನೆಯ ಅಧ್ಯಾಯವನ್ನು ನೀನು ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ.

ಪೌಲನಿಗಿಂತ ಹೆಚ್ಚು ನಂಬಿಕೆ ನಮ್ಮ ಯಾರಿಗಿದೆ? ತನ್ನ ಮೈಯಲ್ಲಿ ನಾಟಿದ್ದ ಮುಳ್ಳಿನಂಥ ಕಾಟ ತೊಲಗಲಿ ಅಂತ ಅವನು ಮೂರು ಸಲ ಬೇಡಿಕೊಂಡ, ತೊಲಗಲಿಲ್ಲ. ಅದನ್ನು ತಾಳುವ ಕೃಪೆ ಸಿಕ್ಕಿತು. ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು, ಅದನ್ನೂ ಮುಚ್ಚಿಡದೆ ಬರೆದ. ನಮ್ಮ ಪಂಡಿತಾ ರಮಾಬಾಯಿಯನ್ನು ನೋಡು. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಆಕೆ ಪುಣೆಯ ಹತ್ತಿರದ ಕೆಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿ, ಬರಗಾಲದಲ್ಲಿ ದಿಕ್ಕಿಲ್ಲದ ನೂರಾರು ಹೆಣ್ಣುಮಕ್ಕಳನ್ನು ಸಾಕಿದರು. ಭಾರತದ ಪೆಂಟಕಾಸ್ಟಲ್ ಸಭೆಗಳು ಇಂದಿಗೂ ನೆನೆಯುವ 1905ರ ಉಜ್ಜೀವನ ನಡೆದದ್ದು ಅಲ್ಲೇ, ಹಗಲೂ ರಾತ್ರಿ ಪ್ರಾರ್ಥನೆ. ಅಷ್ಟಾದರೂ ಅವರ ಒಬ್ಬಳೇ ಮಗಳು ಮನೋರಮಾ 1921ರಲ್ಲಿ ತಾಯಿಗಿಂತ ಮೊದಲು ತೀರಿಕೊಂಡರು. ಮರುವರ್ಷ ತಾಯಿಯೂ ಹೋದರು. ಅವರಿಗೆ ನಂಬಿಕೆ ಸಾಲದೆ ಹೋಯಿತೆ? ಹಾಗೆ ಹೇಳುವ ಧೈರ್ಯ ನನಗಂತೂ ಇಲ್ಲ.

ಹಾಗಾದರೆ ವಾಸಿಯಾಯಿತು ಅಂತ ಯಾರಾದರೂ ಬಂದು ಹೇಳಿದರೆ ಏನು ಮಾಡಬೇಕು? ಸಂತೋಷಪಡು, ದೇವರಿಗೆ ಸ್ತೋತ್ರ ಹೇಳು, ಮೊದಲು ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅನ್ನು. ಇದು ಅಪನಂಬಿಕೆಯಲ್ಲ. ಮತ್ತಾಯನ ಎಂಟನೆಯ ಅಧ್ಯಾಯದಲ್ಲಿ ಯೇಸು ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸಿ ಅವನಿಗೆ ಹೇಳಿದ್ದು ಹೀಗೆ: ಯಾರಿಗೂ ಹೇಳಬೇಡ, ಹೋಗಿ ಯಾಜಕನಿಗೆ ಮೈ ತೋರಿಸು. ಆ ಕಾಲದಲ್ಲಿ ಚರ್ಮ ನೋಡಿ ರೋಗ ಹೋಗಿದೆಯೋ ಇಲ್ಲವೋ ಅಂತ ತೀರ್ಮಾನಿಸುವ ಅಧಿಕಾರ ಯಾಜಕನದು. ನಾವೀಗ ಮಾಡುತ್ತಿರುವುದು ಸರಿಯಾಗಿ ಉಲ್ಟಾ. ಪರೀಕ್ಷೆಗೆ ಕಳಿಸುವುದಿಲ್ಲ, ಮೈಕು ಕೊಟ್ಟು ಎಲ್ಲರಿಗೂ ಹೇಳಿಸುತ್ತೇವೆ, ಮೊಬೈಲಿನಲ್ಲಿ ಲೈವ್ ಬಿಡುತ್ತೇವೆ.

ಹಾಡು, ಡ್ರಮ್ಮು, ನೂರು ಜನರ ಕೂಗು ಇರುವ ಕಡೆ ನೋವು ಒಂದಷ್ಟು ಹೊತ್ತು ಮರೆತುಹೋಗುವುದು ಸಹಜ. ಮಂಡಿನೋವಿನ ಅಜ್ಜಿ ವೇದಿಕೆಯ ಮೇಲೆ ಕುಣಿದು, ರಾತ್ರಿ ಮನೆಯಲ್ಲಿ ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುವುದೂ ಸಹಜ. ತಾನಾಗಿ ಬಂದು ತಾನಾಗಿ ಹೋಗುವ ಕಾಯಿಲೆಗಳೂ ಬೇಕಾದಷ್ಟಿವೆ. ನಮ್ಮ ಕ್ಯಾಥೊಲಿಕ್ ಬಂಧುಗಳನ್ನು ನೋಡಿ ಇಲ್ಲೊಂದು ಪಾಠ ಕಲಿಯಬಹುದು. ಸೆಪ್ಟೆಂಬರ್ 8ರ ಹಬ್ಬಕ್ಕೆ ನಮ್ಮ ಜಿಲ್ಲೆಯಿಂದಲೂ ಎಷ್ಟೋ ಜನ ಹರಿಹರದ ಆರೋಗ್ಯ ಮಾತೆಯ ಕ್ಷೇತ್ರಕ್ಕೆ ಹರಕೆ ಹೊತ್ತು ಹೋಗುತ್ತಾರೆ. ಅದೇ ಭಕ್ತಿಯಿಂದ ಲೋಕದ ಜನ ಫ್ರಾನ್ಸ್ ದೇಶದ ಲೂರ್ದಿಗೆ ಹೋಗುತ್ತಾರೆ. ಅಲ್ಲಿ 1883ರಿಂದಲೂ ವೈದ್ಯರ ಒಂದು ಕಚೇರಿ ಇದೆ. ವಾಸಿಯಾಯಿತು ಅಂದವರ ಹಳೆಯ ದಾಖಲೆ, ಹೊಸ ದಾಖಲೆ ಎರಡನ್ನೂ ಇಟ್ಟುಕೊಂಡು ವರ್ಷಗಟ್ಟಲೆ ನೋಡುತ್ತಾರೆ. ಸುಮಾರು ಏಳು ಸಾವಿರ ಜನ ಹೇಳಿಕೊಂಡದ್ದರಲ್ಲಿ ಸಭೆ ಪವಾಡ ಅಂತ ಒಪ್ಪಿಕೊಂಡದ್ದು ಎಪ್ಪತ್ತರ ಆಸುಪಾಸು ಮಾತ್ರ. ದೇವರ ಹೆಸರು ಹಿಡಿದು ಮಾತಾಡುವಾಗ ಅಷ್ಟು ಎಚ್ಚರ ಬೇಕು ಅಂತ ಅವರು ತಿಳಿದುಕೊಂಡಿದ್ದಾರೆ.

ದೇಹದ ಮಾತಾಯಿತು, ಇನ್ನು ಆತ್ಮದ್ದು. ಕಪೆರ್ನೌಮಿನಲ್ಲಿ ನಾಲ್ವರು ಗೆಳೆಯರು ಚಾವಣಿ ಬಿಚ್ಚಿ ಪಾರ್ಶ್ವವಾಯುವಿನವನನ್ನು ಇಳಿಸಿದರಲ್ಲ, ಯೇಸು ಅವನಿಗೆ ಮೊದಲು ಹೇಳಿದ್ದು ಕ್ಷಮೆಯ ಮಾತು. ಎದ್ದು ನಡೆ ಅಂದದ್ದು ಆಮೇಲೆ. ಮನುಷ್ಯನಿಗೆ ಎರಡೂ ಕಡೆ ಗಾಯವಿರುತ್ತದೆ ಅನ್ನುವುದನ್ನು ನಾನು ಹೊಳಲ್ಕೆರೆಯಲ್ಲಿದ್ದಾಗ ಹತ್ತಿರದಿಂದ ಕಂಡೆ. ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದ ಒಬ್ಬಾತ, ಕುಡಿದು ಕುಡಿದು ಈಲಿ ಗಟ್ಟಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬಂದಿದ್ದ. ವಾರ್ಡಿಗೆ ಬರುತ್ತಿದ್ದ ಸಭಾಪಾಲಕರೊಬ್ಬರು ದಿನಾ ಸಂಜೆ ಅವನ ಪಕ್ಕ ಕೂರುತ್ತಿದ್ದರು. ಜೋರು ಪ್ರಾರ್ಥನೆ ಏನಿಲ್ಲ, ಹೆಚ್ಚಾಗಿ ಅವನು ಹೇಳಿದ್ದನ್ನು ಕೇಳುತ್ತಿದ್ದರು, ಅಷ್ಟೇ. ಒಂದು ದಿನ ಅವನು ಹೆಂಡತಿಯನ್ನು ಕರೆದು, ಅವಳ ಕಿವಿಯೋಲೆ ಕಳುವಾಗಲಿಲ್ಲ, ತಾನೇ ಅಡವಿಟ್ಟು ಕುಡಿದೆ, ಆ ಕಳ್ಳತನವನ್ನು ಅವಳ ತಮ್ಮನ ಮೇಲೆ ಹಾಕಿದೆ ಅಂತ ಒಪ್ಪಿಕೊಂಡ. ಭಾಮೈದನನ್ನು ಕರೆಸಿ ಅವನ ಕಾಲು ಮುಟ್ಟಿದ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಎರಡು ಮನೆ ಅಂದು ಒಂದಾಯಿತು. ಈಲಿ ವಾಸಿಯಾಗಲಿಲ್ಲ. ಕೆಲವು ತಿಂಗಳು ಬದುಕಿದ್ದ. ‘ಸಾಯೋ ಮುಂಚೆ ನನ್ನ ಗಂಡ ನನಗೆ ಸಿಕ್ಕಿದ ಸಿಸ್ಟರ್’ ಅಂದಳು ಆಕೆ. ಸಾಕ್ಷಿ ಹೇಳುವ ಮೈಕಿಗೆ ಇಂಥದ್ದು ಬರುವುದಿಲ್ಲ. ನನ್ನ ಲೆಕ್ಕದಲ್ಲಿ ಇದು ಸ್ವಸ್ಥತೆಯೇ.

ಕುಡಿತದ ಮಾತು ಬಂದಿದ್ದಕ್ಕೆ ಇದೂ ತಿಳಿದಿರಲಿ. ದಿನಾ ವಿಪರೀತ ಕುಡಿಯುವವನು ಕೂಟದಲ್ಲಿ ಅತ್ತು ಆಣೆ ಮಾಡಿ ಅಂದೇ ಬಿಟ್ಟರೆ, ಎರಡು ಮೂರು ದಿನದಲ್ಲಿ ಮೈ ನಡುಗಿ, ಇಲ್ಲದ್ದು ಕಂಡು ಬಡಬಡಿಸಬಹುದು, ಫಿಟ್ಸ್ ಬರಬಹುದು. ಅದನ್ನು ಕಂಡು ‘ದೆವ್ವ ಬಿಟ್ಟು ಹೋಗ್ತಿದೆ’ ಅಂತ ಕಟ್ಟಿಹಾಕಿ ಪ್ರಾರ್ಥಿಸಿದರೆ ಜೀವ ಹೋಗುತ್ತದೆ. ಬಿಡುವ ದಿನವೇ ಆಸ್ಪತ್ರೆಗೂ ಕರೆದುಕೊಂಡು ಹೋಗು.

ದೆವ್ವದ ವಿಷಯದಲ್ಲಂತೂ ನಿನ್ನ ಕೈ ಕಟ್ಟಿಕೊಂಡಿರಲಿ. ಯಾರದೋ ದನಿ ಕೇಳಿಸುತ್ತದೆ ಅನ್ನುವ ಹುಡುಗ, ಬಾಣಂತನದಲ್ಲಿ ಮಗುವನ್ನು ಮುಟ್ಟಲೊಲ್ಲದ ತಾಯಿ, ಕೆಲಸವಿಲ್ಲದೆ ಮಂಕಾಗಿ ಮೂಲೆ ಹಿಡಿದವನು, ಇವರನ್ನೆಲ್ಲ ಮನೆಯವರು ಮೊದಲು ಕರೆತರುವುದು ಡಾಕ್ಟರ ಹತ್ತಿರವಲ್ಲ, ನಿಮ್ಮಂಥವರ ಹತ್ತಿರ. ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸಿನವರು ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದು ಅಂತ ಮಾಡಿ ತೋರಿಸಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಈಗ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಈ ನಂಬರು ನಿನ್ನ ಬೈಬಲಿನ ಮೊದಲ ಹಾಳೆಯಲ್ಲಿ ಬರೆದಿಟ್ಟುಕೊ. ದೆವ್ವ ಬಿಡಿಸುತ್ತೇವೆ ಅಂತ ಕಟ್ಟುವುದು, ಹೊಡೆಯುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆಯುವುದು, ಇವೆಲ್ಲ ಮೌಢ್ಯ ನಿಷೇಧ ಕಾಯ್ದೆ ಅಂತ ಜನ ಕರೆಯುವ 2017ರ ಕಾನೂನಿನಲ್ಲಿ ಅಪರಾಧ. ಕಾನೂನಿಗಿಂತ ಮೊದಲು ಅದು ನಮ್ಮ ಒಡೆಯನಿಗೆ ಮಾಡುವ ಅವಮಾನ. ರೋಗಿಯ ಮೇಲೆ ಅವನು ಎಂದೂ ಕೈ ಎತ್ತಲಿಲ್ಲ.

ದುಡ್ಡಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಅರಸುಗಳ ಎರಡನೆಯ ಪುಸ್ತಕದ ಐದನೆಯ ಅಧ್ಯಾಯ ಓದು. ಸೇನಾಪತಿ ನಾಮಾನನ ಕುಷ್ಠ ವಾಸಿಯಾದಾಗ ಎಲೀಷ ಒಂದು ಕಾಸೂ ಮುಟ್ಟಲಿಲ್ಲ. ಅವನ ಆಳು ಗೇಹಜಿ ಹಿಂದೆ ಓಡಿ, ಸುಳ್ಳು ಹೇಳಿ, ಎರಡು ತಲಾಂತು ಬೆಳ್ಳಿ ಮತ್ತು ಬಟ್ಟೆ ಇಸಿದುಕೊಂಡ. ನಾಮಾನನ ಕುಷ್ಠ ಗೇಹಜಿಗೇ ಅಂಟಿತು. ಸ್ವಸ್ಥತೆಯ ಹೆಸರಿನಲ್ಲಿ ಬೀಜದ ಕಾಣಿಕೆ ಕೇಳುವವರು, ಎಣ್ಣೆ ಸೀಸೆಗೆ ರೇಟು ಕಟ್ಟುವವರು ಈ ಅಧ್ಯಾಯದ ಮೇಲೆ ಪ್ರಸಂಗ ಮಾಡಿದ್ದನ್ನು ನಾನಂತೂ ಕೇಳಿಲ್ಲ. ಪೆಟ್ರೋಲಿಗೆ ಅಂತ ರೋಗಿಯ ಮನೆಯವರು ಜೇಬಿಗೆ ತುರುಕಿದರೂ ವಾಪಸು ಕೊಡು. ಆ ದುಡ್ಡಿನಲ್ಲಿ ಅವರು ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಹೋಗಿ ಬರಲಿ. ಟಿ.ಬಿ. ಆದವರಿಗೆ ಸರ್ಕಾರ ತಿಂಗಳಿಗೆ 1,000 ರೂಪಾಯಿ ಪೌಷ್ಟಿಕ ಆಹಾರಕ್ಕೆ ಕೊಡುತ್ತದೆ. ಬ್ಯಾಂಕ್ ಖಾತೆ ಸರಿ ಇಲ್ಲದೆ ಅದು ಬಾರದವರಿದ್ದಾರೆ. ಫಾರಂ ತುಂಬಿಸಿಕೊಡುವುದೂ ಒಂದು ಸೇವೆಯೇ.

ರೋಗಿಯ ಗುಟ್ಟು ಕಾಪಾಡು. ಎಚ್.ಐ.ವಿ. ಇದೆ ಅಂತ ನಿನ್ನನ್ನು ನಂಬಿ ಹೇಳಿದ್ದನ್ನು ‘ಪ್ರಾರ್ಥನಾ ವಿಷಯ’ ಅಂತ ವಾಟ್ಸಾಪ್ ಗುಂಪಿಗೆ ಹಾಕಿದರೆ ಆ ಮನೆ ಊರು ಬಿಡಬೇಕಾಗುತ್ತದೆ. ಒಪ್ಪಿಗೆಯಿಲ್ಲದೆ ಬಯಲು ಮಾಡಕೂಡದು ಅಂತ 2017ರ ಎಚ್.ಐ.ವಿ. ಕಾಯ್ದೆಯೂ ಹೇಳುತ್ತದೆ. ಹೆಣ್ಣುಮಕ್ಕಳಿಗಾಗಿ ಪ್ರಾರ್ಥಿಸುವಾಗ ಅವರ ಮನೆಯ ಹೆಂಗಸೊಬ್ಬರು ಪಕ್ಕದಲ್ಲಿರಲಿ, ಬಾಗಿಲು ತೆರೆದಿರಲಿ. ಮುಟ್ಟುವ ಮೊದಲು ಮುಟ್ಟಲೇ ಅಂತ ಕೇಳು. ನರ್ಸಾದ ನಾನೇ ಕೇಳುತ್ತಿದ್ದೆ.

ಈಗ ನಮ್ಮ ಊರಿನ ಮಾತು. ಹೊಸದುರ್ಗದ ಶಾಸಕರಾಗಿದ್ದ ಗೂಳಿಹಟ್ಟಿ ಶೇಖರ್ 2021ರ ಸೆಪ್ಟೆಂಬರಿನಲ್ಲಿ ತಮ್ಮ ತಾಯಿಯೇ ಮತಾಂತರವಾಗಿದ್ದಾರೆ ಅಂತ ವಿಧಾನಸಭೆಯಲ್ಲಿ ಹೇಳಿದ್ದು ನಿನಗೆ ನೆನಪಿರಬೇಕು. ಆಮೇಲೆ ತಾಲ್ಲೂಕಿನಲ್ಲಿ ಸಮೀಕ್ಷೆ ನಡೆಯಿತು. ಬಲವಂತದ ಮತಾಂತರ ಕಂಡುಬಂದಿಲ್ಲ ಅಂತ ತಹಶೀಲ್ದಾರರು ವರದಿ ಕೊಟ್ಟರು, ಸ್ವಲ್ಪ ಸಮಯಕ್ಕೇ ಅವರ ವರ್ಗಾವಣೆಯೂ ಆಯಿತು. 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು. ದೇವರ ಸಿಟ್ಟಿನ ಹೆದರಿಕೆ ಹುಟ್ಟಿಸುವುದನ್ನೂ ಆಮಿಷ ಒಡ್ಡುವುದನ್ನೂ ಅದು ಅಪರಾಧದ ಪಟ್ಟಿಗೆ ಸೇರಿಸಿತು. ರಾಜಕೀಯ ನನಗೆ ಬೇಡ. ಒಂದು ಸಂಗತಿ ಮಾತ್ರ ನನಗೆ ಖಾತ್ರಿ: ನಮ್ಮ ಕಡೆ ಪ್ರಾರ್ಥನಾ ಮನೆಯ ಹೊಸ್ತಿಲು ದಾಟುವವರಲ್ಲಿ ಎಷ್ಟೋ ಜನರನ್ನು ಅಲ್ಲಿಗೆ ತರುವುದು ಕಾಯಿಲೆ, ಇಲ್ಲವೇ ಕುಡುಕ ಗಂಡ, ಇಲ್ಲವೇ ಮಕ್ಕಳಾಗದ ಕೊರಗು. ನಾಯಕನಹಟ್ಟಿ ಜಾತ್ರೆಗೆ ಹೋಗಿ, ದರ್ಗಾದಲ್ಲಿ ತಾಯತ ಕಟ್ಟಿಸಿಕೊಂಡು, ಎಲ್ಲೂ ಆಗದೆ ನಿನ್ನ ಹತ್ತಿರ ಬಂದಿರುತ್ತಾರೆ. ನೋವಿನಲ್ಲಿ ಬಂದವರ ಜೊತೆ ವ್ಯಾಪಾರ ಕುದುರಿಸಬೇಡ. ‘ಮೊದಲು ಮನೆಯ ದೇವರ ಪಟ ತೆಗೆಯಿರಿ, ಆಮೇಲೆ ವಾಸಿಯಾಗುತ್ತೆ’ ಅನ್ನಬೇಡ, ಅವರು ನಡೆದು ಬಂದ ದಾರಿಯನ್ನು ಹಳಿಯಬೇಡ. ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ವಾಸಿಮಾಡಿದಾಗ ತಿರುಗಿ ಬಂದವನು ಒಬ್ಬನೇ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಅಂತ ಕೇಳಿದನೇ ಹೊರತು ಅವರ ಆರೋಗ್ಯವನ್ನು ಯೇಸು ಹಿಂದಕ್ಕೆ ಕಿತ್ತುಕೊಳ್ಳಲಿಲ್ಲ.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ, ಮಾಡಬೇಕು. ನಿಮ್ಮ ಕೂಟದಲ್ಲಿ ಸಾಕ್ಷಿ ಹೇಳಿದವರ ಹೆಸರು ನಿಮಗೆಲ್ಲ ಗೊತ್ತು. ಪ್ರಾರ್ಥನೆ ಮಾಡಿಸಿಕೊಂಡು, ವಾಸಿಯಾಗದೆ, ನಾಚಿಕೊಂಡು ಬರುವುದನ್ನೇ ನಿಲ್ಲಿಸಿದವರ ಹೆಸರು ಯಾರ ಬಳಿಯಾದರೂ ಇದೆಯೇ? ಒಂದು ನೋಟ್‌ಬುಕ್ ತೆಗೆದುಕೊಂಡು ನೆನಪಿದ್ದಷ್ಟು ಬರೆ. ವಾರಕ್ಕೆ ಒಂದು ಮನೆಯಂತೆ ಹೋಗು, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೋ. ಹೋದ ಕೂಡಲೇ ಪ್ರಾರ್ಥನೆಗೆ ಕೂರಬೇಡ. ಮಾತ್ರೆ ನುಂಗುತ್ತಿದ್ದಾರಾ, ಮುಂದಿನ ಸಲ ಆಸ್ಪತ್ರೆಗೆ ಹೋಗಬೇಕಾದ್ದು ಯಾವ ದಿನ, ಜೊತೆಗೆ ಹೋಗಲು ಜನ ಇದ್ದಾರಾ ಅಂತ ಕೇಳು. ‘ನಿಮ್ಮ ನಂಬಿಕೆಯಲ್ಲಿ ಕೊರತೆಯಿರಲಿಲ್ಲ, ಹಾಗೆ ಯಾರಾದರೂ ಹೇಳಿದ್ದರೆ ಅದು ತಪ್ಪು’ ಅಂತ ಬಾಯಿಬಿಟ್ಟು ಹೇಳು. ತೀರಿಹೋಗಿದ್ದರೆ ಮನೆಯವರ ಜೊತೆ ಕೂತು, ಅವರು ಹಾಕಿಕೊಟ್ಟ ಕಾಫಿ ಕುಡಿದು ಬಾ. ಪ್ರಾರ್ಥನೆ ಮಾಡಿ ಅಂತ ಅವರೇ ಕೇಳಿದರೆ ಆಗ ಮಾಡು. ಆ ನೋಟ್‌ಬುಕ್ಕಿನ ಹೆಸರುಗಳು ಮುಗಿಯುವ ತನಕ ಹೊಸ ಊರಿನ ಕರೆ ಒಪ್ಪಿಕೊಳ್ಳಬೇಡ.